ಬದುವಿನ ಮೇಲೆ ಕೂತಿದ್ದ ಮೈದುನ

ಶಾರದಾ, ನಿನ್ನ ಚಿತ್ರದಲ್ಲಿ ಹೊಲದ ಬದುವಿನ ಮೇಲೆ ಕೂತಿದ್ದ ನಿನ್ನ ಗಂಡನನ್ನು ಮಾಯ ಮಾಡಿದವಳು ನಾನು. ನೀನಲ್ಲ — ನಾನು, ನಿನ್ನ ಹಿರಿಯ ನೆಗೆಣ್ಣಿ. ಎರಡು ವರ್ಷದಿಂದ ಈ ಮಾತು ನಾಲಿಗೆಯ ತುದಿಗೆ ಬಂದು ಬಂದು ಒಳಗೆ ಹೋಗಿದೆ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದ್ದಾಳೆ. ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ.

ವಿಜಾಪುರ ರಸ್ತೆಯ ಆ ಚಿತ್ರದ ಕ್ಲಾಸಿಗೆ ನಿನ್ನನ್ನು ಎಳೆದುಕೊಂಡು ಹೋದವಳೂ ನಾನೇ. ಮೈದುನ ತೀರಿಕೊಂಡ ಮೇಲೆ ನೀನು ಸುಮ್ಮನೆ ಗೋಡೆ ನೋಡುತ್ತ ಕೂರುತ್ತಿದ್ದೆ. ಅದು ನಿಜ. ಇನ್ನೊಂದೂ ನಿಜ — ಊರಲ್ಲಿ ರಂಗೋಲಿ ಅಂದರೆ ನನ್ನದೇ ಅನ್ನುತ್ತಿದ್ದರು. ಇಲ್ಲಿಯೂ ನಾನೇ ಮುಂದೆ, ನೀನು ಪಕ್ಕದಲ್ಲಿ ಕೂತು ಹೊಗಳುತ್ತೀ ಅಂದುಕೊಂಡಿದ್ದೆ.

ಟೀಚರ್ ಮೊದಲ ದಿನವೇ ಹೇಳಿದ್ದರು: “ಆಜಿ, ಗಡಬಡ ಮಾಡಬ್ಯಾಡ್ರಿ. ಈ ಅಕ್ರಿಲಿಕ್ ಬಣ್ಣ ಲಗೂನ ಒಣಗತೈತಿ. ಒಂದ ಪದರ ಒಣಗಲಿ, ಆಮ್ಯಾಲ ಇನ್ನೊಂದ ಹಚ್ಚರಿ.”

ಮೊದಲು ಆಕಾಶ, ಆಮೇಲೆ ದೂರದ ದಿಬ್ಬ, ಆಮೇಲೆ ಹೊಲ, ಕೊನೆಗೆ ಹತ್ತಿರದ ಜಾಲಿಗಿಡ. ನನಗೆಲ್ಲಿಯ ತಾಳ್ಮೆ? ಹಸಿ ಆಕಾಶದ ಮೇಲೆಯೇ ದಿಬ್ಬ ಇಟ್ಟೆ, ಹಸಿ ದಿಬ್ಬದ ಮೇಲೆ ಹೊಲ. ಎಲ್ಲ ಕಲೆತು ರಾಡಿ. ನೀನು ಮಾತ್ರ ತೆಳ್ಳಗೆ ಬಳಿದು, ಕೈ ಕಟ್ಟಿಕೊಂಡು ಕಾಯುತ್ತಿದ್ದೆ. ಇಷ್ಟು ಚೆಂದ ಹೇಗೆ ಬಂತು ಎಂದು ಟೀಚರ್ ಕೇಳಿದ್ದಕ್ಕೆ ನೀನು ಏನಂದೆ, ನೆನಪಿದೆಯೇ?

“ನಮ್ಮ ಅಕ್ಕಾರ ಕಲಿಸ್ಯಾರ್ರಿ. ನಮ್ಮೂರ ಚಪಳಗಾಂವದ ಮನಿ ಗ್ವಾಡಿ ಸಾರಸೂಮುಂದ, ಹಸಿ ಮ್ಯಾಲ ಹಸಿ ಬಳದ್ರ ಎಲ್ಲಾ ಉದರತೈತಿ ಅಂತ ಬೈತಿದ್ರು.”

ಪಾಠ ನನ್ನದು, ಫಲ ನಿನ್ನ ಕ್ಯಾನ್ವಾಸಿನ ಮೇಲೆ. ನೀನು ನನ್ನನ್ನು ಹೊಗಳಿದ್ದೇ ಮೈ ಉರಿಸಿತು.

ನಾಲ್ಕನೇ ವಾರ ನೀನು ಬದುವಿನ ಮೇಲೆ ಮೈದುನನನ್ನು ಕೂರಿಸಿದೆ. ಹೆಬ್ಬೆರಳಿನ ಉಗುರಿನಷ್ಟು, ಅದೂ ಬೆನ್ನು ಮಾತ್ರ. ಆದರೂ ನಾನು ದಂಗಾದೆ — ಎಡಭುಜ ಇಳಿಬಿಟ್ಟು ಕೂರುವ ಅವನ ರೀತಿ! ನಾನು ಮದುವೆಯಾಗಿ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ; ದಿನಾ ತಲೆ ಬಾಚಿದವಳು ನಾನು. ಆ ಭುಜ ನಿನಗಿಂತ ಮೊದಲು ನನಗೆ ಗೊತ್ತಿತ್ತು. ಅದನ್ನು ಬಿಡಿಸುವ ಕೈ ಮಾತ್ರ ನಿನಗೆ ಸಿಕ್ಕಿತ್ತು.

ನಾನೂ ಬಿಡಲಿಲ್ಲ. ನನ್ನ ರಾಡಿ ಹೊಲದಲ್ಲಿ ನನ್ನ ಗಂಡನನ್ನು ನಿಲ್ಲಿಸಿದೆ. ನೀನು ಬಗ್ಗಿ ನೋಡಿ, ಮನಸ್ಸು ತುಂಬಿ ಅಂದೆ: “ಅಕ್ಕಾ, ಬೆರ್ಚಪ್ಪ ಭಾಳ ಚಂದ ಬಂದಾನ ನೋಡ್ರಿ!”

ಇಡೀ ಕ್ಲಾಸು ಹೌದೌದು ಅಂದಿತು. “ಹೂಂ, ಹೊಲದಾಗ ಹಕ್ಕಿ ಭಾಳ ಆಗ್ಯಾವ,” ಅಂದು ನಾನೂ ನಕ್ಕೆ. ಆ ಬೆರ್ಚಪ್ಪ ತಾನೇ ಎಂದು ನಿನ್ನ ಭಾವನಿಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ವಾರ ಎಲ್ಲರೂ ಚಹಾ ಕುಡಿಯಲು ಹೊರಗೆ ಹೋದರು. ನಾನು ಹಿಂದೆ ಉಳಿದೆ. ನಿನ್ನ ತಟ್ಟೆಯಲ್ಲಿ ಜೋಳದ ತೆನೆಯ ಬಣ್ಣ ಇನ್ನೂ ಹಸಿಯಾಗಿತ್ತು. ನಿನ್ನದೇ ಕುಂಚ ತೆಗೆದುಕೊಂಡು — ನಾಲ್ಕು ಗೆರೆ. ನಾಲ್ಕೇ. ಅವನು ಕೂತಿದ್ದಲ್ಲಿ ಜೋಳ ಬೆಳೆದು ನಿಂತಿತು. ಒರೆಸಿಬಿಡೋಣ ಅಂತ ಸೆರಗು ಹಿಡಿದೆ… ಇಲ್ಲ, ಇಲ್ಲಿಯೂ ಸುಳ್ಳು ಬರೆಯುವುದಿಲ್ಲ. ಹಿಡಿಯಲಿಲ್ಲ. ಫ್ಯಾನಿನ ಗಾಳಿಗೆ ಅದು ಒಣಗುವವರೆಗೆ ನಿಂತು ನೋಡಿದೆ.

ನೀನು ಬಂದು ನಿಂತೆ. “ಅಕ್ಕಾ, ಇಲ್ಲಿ ಇವರು ಕುಂತಿದ್ರಲ್ಲ?”

“ಈಗರೆ ನೀನ ಜ್ವಾಳ ಹಚ್ಚಿದ್ಯಲ್ಲ. ಮರತಿ ಏನ?”

ನೀನು ಕುಂಚ ನೋಡಿದೆ, ನನ್ನ ಮುಖ ನೋಡಿದೆ. “ಹಂಗಾದ್ರ ನಾನ ಹಚ್ಚಿರಬೇಕು,” ಅಂದೆ. ನಲವತ್ತು ವರ್ಷ ನನ್ನ ಮಾತು ನಂಬಿದವಳು — ಅವತ್ತು ನಿನ್ನ ಕೈಗಿಂತ ನನ್ನ ಬಾಯಿಯನ್ನೇ ಹೆಚ್ಚು ನಂಬಿದೆ.

ಒಣಗಿದ ಬಣ್ಣದ ಮೇಲೆ ಮತ್ತೆ ಬಿಡಿಸಬಹುದು ಎಂದರು ಟೀಚರ್. ನೀನು ಮೂರು ಸಲ ಬಿಡಿಸಿದೆ. ಮೂರು ಸಲವೂ ಬೇರೆ ಯಾರೋ ಬಂದು ಕೂತರು. ಕೊನೆಗೆ ನೀನು ಕ್ಲಾಸನ್ನೇ ಬಿಟ್ಟೆ.

ಅಷ್ಟಕ್ಕೇ ನಿಂತಿದ್ದರೆ… “ನನಗ ಮರವು ಹತ್ತೈತಿ” ಎಂದು ನೀನೇ ನಿನ್ನ ಮಗನಿಗೆ ಹೇಳಿದೆ. ಆಮೇಲೆ ಹಾಲು ಉಕ್ಕಿದರೂ ಮರೆವು, ಚಾಳೀಸು ಕನ್ನಡಕ ಎಲ್ಲಿಟ್ಟೆ ಅಂದರೂ ಮರೆವು. ನಿನ್ನ ಸೊಸೆ ಈಗ ನಿನಗೆ ಗ್ಯಾಸ್ ಮುಟ್ಟಗೊಡುವುದಿಲ್ಲ. ಒಬ್ಬಳೇ ಬಸ್ಸು ಹತ್ತಿ ಅಕ್ಕಲಕೋಟಿಗೆ ತಂಗಿಯ ಮನೆಗೆ ಹೋಗಿ ಬರುತ್ತಿದ್ದವಳನ್ನು ಗೇಟಿನಾಚೆ ಬಿಡುವುದಿಲ್ಲ. ಹೋದ ವಾರ ನಾನು ಬಂದಾಗ ನೀನು ನನ್ನ ಕೈ ಹಿಡಿದು ಕೇಳಿದೆ: “ಅಕ್ಕಾ, ನಾಳಿಗಿ ಇವರ ಮಾರಿನೂ ಮರತಬಿಟ್ರ ಹೆಂಗ?”

ಆಗಲೂ ನಾನು ಚಹಾ ಕುಡಿದು ಎದ್ದು ಬಂದೆ.

ಇದನ್ನು ಕಳಿಸಿ ಮನೆಯಲ್ಲಿ ಅಡಗಿ ಕೂರುವುದಿಲ್ಲ. ನಾಳೆ ಬೆಳಿಗ್ಗೆ, ನಿನ್ನ ಮಗ ಕೆಲಸಕ್ಕೆ ಹೋಗುವ ಮೊದಲೇ ಬರುತ್ತೇನೆ. ಅವನನ್ನೂ ಸೊಸೆಯನ್ನೂ ಎದುರಿಗೆ ಕೂರಿಸಿಕೊಂಡು ಮೊದಲ ಸಾಲಿನಿಂದ ಜೋರಾಗಿ ಓದುತ್ತೇನೆ. ಅವರು ಬೈಯಲಿ, ಉಗಿಯಲಿ. ಅವ್ವನನ್ನು ಒಬ್ಬಳನ್ನೇ ಬಸ್ಸಿಗೆ ಬಿಡುತ್ತೇವೆ ಅನ್ನುವವರೆಗೆ ಅಲ್ಲಿಂದ ಏಳುವುದಿಲ್ಲ. ಆಮೇಲೆ ನೀನು ನನ್ನನ್ನು ಅಕ್ಕಾ ಅಂತ ಕರೆಯದೆ ಹೋದರೆ — ಯಾಕೆ ಎಂದು ಕೇಳುವ ಬಾಯಿ ನನಗಿಲ್ಲ.