ಕೊಂಡಜ್ಜಿ ಏರಿಯ ಮೇಲೆ ಇಬ್ಬರು

ಮದುವೆಯಾಗಿ ದಾವಣಗೆರೆಗೆ ಬಂದ ಹೊಸತರಲ್ಲಿ ನನ್ನ ಹೊಟ್ಟೆ ಉರಿಸುತ್ತಿದ್ದದ್ದು ಊರಿನ ಪಾರ್ಕು. ಸಂಜೆಯಾದರೆ ಸಾಕು, ಮಾವನವರೂ ನಮ್ಮ ಯಜಮಾನರೂ ಹತ್ತಿ ಮಂಡಿಯಿಂದ ಬಂದು, ಮುಖ ತೊಳೆದು, ಚಹಾ ಕುಡಿದು, ಒಗೆದ ಅಂಗಿ ತೊಟ್ಟು ಅಲ್ಲಿಗೆ ಹೊರಡುತ್ತಿದ್ದರು. ಕಂಬಕ್ಕೆ ಕಟ್ಟಿದ ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತಂತೆ. ಕಾರಂಜಿ ಇತ್ತಂತೆ. ಕೂರಲು ಸಿಮೆಂಟಿನ ಬೆಂಚು ಹಾಕಿಸಿದ್ದರಂತೆ. ನನ್ನ ಪಾಲಿಗೆ ಬರೀ ಅಂತೆಗಳು. ಅರವತ್ತರ ದಶಕದ ಶುರುವಿನ ಮಾತಿದು. ನಮ್ಮಂಥ ವ್ಯಾಪಾರಸ್ಥರ ಮನೆಯ ಸೊಸೆಯಂದಿರು ಗುಡಿಗೆ, ಮದುವೆಗೆ, ಸಾವಿಗೆ ಹೊಸ್ತಿಲು ದಾಟುತ್ತಿದ್ದರೇ ಹೊರತು ಗಿಡ ನೋಡಲಿಕ್ಕಲ್ಲ.

ನಾನೋ ಕೊಕ್ಕನೂರಿನ ಒಕ್ಕಲು ಮನೆಯ ಹುಡುಗಿ. ಬದುವಿನ ಮೇಲೆ ಓಡಿ, ಹೊಲದ ಬಾವಿಯಲ್ಲಿ ಈಜಿ ಬೆಳೆದವಳು. ಇಲ್ಲಿ ಕಿಟಕಿ ತೆಗೆದರೆ ಎದುರು ಮನೆಯ ಗೋಡೆ, ಗಾಳಿ ಬೀಸಿದರೆ ಮೂಗಿಗೆ ಅರಳೆಯ ಧೂಳು. ಆದರೆ ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಬರೀ ಗಿಡ, ನೀರು ಅಲ್ಲ. ಹಗಲು ಹೊತ್ತಿನಲ್ಲಿ ನಮ್ಮವರ ಪಕ್ಕದಲ್ಲಿ ನಡೆಯುತ್ತ ಮಾತಾಡಬೇಕಿತ್ತು. ಮನೆಯಲ್ಲಿ ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವಂತಿರಲಿಲ್ಲ. ಗುಡಿಗೆ ಹೋಗುವಾಗ ಛತ್ರಿ ಹಿಡಿದು ಅವರು ಮುಂದೆ, ಸೆರಗು ಹೊದ್ದು ನಾನು ಹಿಂದೆ. ಮೊದಲ ವರ್ಷ ಅವರ ಮುಖಕ್ಕಿಂತ ಬೆನ್ನೇ ನನಗೆ ಹೆಚ್ಚು ಪರಿಚಯವಾಗಿತ್ತು.

ಒಂದು ರಾತ್ರಿ, ಇಬ್ಬರೇ ಎಲ್ಲಾದರೂ ಹೋಗಿ ಬರೋಣವೇ ಎಂದು ಪಿಸುಮಾತಿನಲ್ಲಿ ಕೇಳಿಯೇಬಿಟ್ಟೆ. ಅವರು ಧೈರ್ಯ ಮಾಡಿ ಮರುದಿನ ಅವರ ತಾಯಿಯ ಮುಂದೆ ವಿಷಯ ಎತ್ತಿದರು. ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಸದ್ದು ನಿಲ್ಲಿಸಿದೆ.

"ಕೊಂಡಜ್ಜಿ ಕೆರೀಗೆ ಹೋಗಿ ಬರಾಣಾಂತ," ಅಂದರು.

"ಅಲ್ಲಿ ಯಾವ ದೇವ್ರು ಐತೆ?" ಅತ್ತೆ ಕೇಳಿದರು.

"ದೇವ್ರಲ್ಲವ್ವ. ಕೆರೆ ಐತೆ, ಗುಡ್ಡ ಐತೆ. ಸುಮ್ನೆ ನೋಡಾಕೆ."

"ನೀರು ನೋಡಾಕೆ ಅಷ್ಟು ದೂರ ಹೋಗಬೇಕಾ? ಬಚ್ಚಲ ಹಂಡೇದಾಗೆ ತುಂಬಿಸಿಟ್ಟೀನಿ, ನೋಡು ಹೋಗು."

ನನಗೆ ನಗುವೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಜಗಲಿಯಿಂದ ಮಾವನವರು, "ಹೋದ್ರೆ ಎಲ್ರೂ ಹೋಗಾಣ, ಗಾಡಿ ಕಟ್ಟಿಸು," ಅಂದುಬಿಟ್ಟರು. ಇಬ್ಬರೇ ಹೋಗುವ ನನ್ನ ಆಸೆ ಅಲ್ಲಿಗೇ ನೆಗೆದುಬಿತ್ತು. ಮರುದಿನ ಕೋಳಿ ಕೂಗುವ ಹೊತ್ತಿಗೆ ಮನೆಮಂದಿಯೆಲ್ಲ ಕಮಾನು ಗಾಡಿ ಹತ್ತಿದರು. ಜೊತೆಗೆ ರೊಟ್ಟಿಯ ಗಂಟು, ಮೊಸರನ್ನದ ಬುತ್ತಿ, ಅತ್ತೆಯ ಪೂಜೆಯ ಬುಟ್ಟಿ. ನಮ್ಮವರು ಗಾಡಿಯ ಮುಂದೆ ಮೂಕಿಯ ಹತ್ತಿರ, ನಾನು ಹೆಂಗಸರ ನಡುವೆ ಹಿಂದೆ. ದಾರಿಯುದ್ದಕ್ಕೂ ಮತ್ತದೇ ಬೆನ್ನು. ನಾನು ಮುಖ ಊದಿಸಿಕೊಂಡೇ ಕೂತಿದ್ದೆ.

ಗಾಡಿ ಕೆರೆಯ ಏರಿಯನ್ನು ಹತ್ತಿದಾಗ ಮಾತ್ರ ಮುನಿಸು ಮರೆತುಹೋಯಿತು. ಆಮೇಲೆ ನಾವು ಎಷ್ಟೋ ಕೆರೆ ಕಾಡುಗಳನ್ನು ನೋಡಿದ್ದೇವೆ, ಸೂಳೆಕೆರೆಯಂಥ ಸೂಳೆಕೆರೆಯನ್ನೇ ಸುತ್ತಿ ಬಂದಿದ್ದೇವೆ. ಆದರೂ ಆವತ್ತಿನ ನೀರಿನ ಬೆಳಕು ಬೇರೆ ಎಲ್ಲೂ ಕಾಣಲಿಲ್ಲ. ಒಂದು ಕಡೆ ಸರ್ಕಾರದವರು ದನ ಬಿಡದೆ ಕಾಯ್ದಿಟ್ಟ ಕುರುಚಲು ಕಾಡಿನ ಗುಡ್ಡ, ಅದರ ನೆರಳು ನೀರಿನಲ್ಲಿ. ದಂಡೆಯ ಜವುಗಿನಲ್ಲಿ ಕೊಕ್ಕರೆಗಳು. ನೀರುಕಾಗೆಯೊಂದು ಕಲ್ಲಿನ ಮೇಲೆ ರೆಕ್ಕೆ ಒಣಗಿಸುತ್ತಿತ್ತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಯಾರಾದರೂ ನೋಡಿಯಾರೆಂದು ಧೂಳು ಬಿದ್ದವಳ ಹಾಗೆ ಕಣ್ಣುಜ್ಜಿಕೊಂಡೆ.

ಲಿಂಗಪೂಜೆಯಾಗದೆ ನಮ್ಮಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ನಮ್ಮಿಬ್ಬರದು ಮನೆಯಲ್ಲೇ ಮುಗಿದಿತ್ತು. ಅತ್ತೆ ಹುಣಸೆಮರದ ಕೆಳಗೆ ಚಾಪೆ ಹಾಸಿ ಕೂತು, ನಮ್ಮನ್ನು ಕರೆದರು.

"ನಾ ಪೂಜೀಗೆ ಕುಂತ್ರೆ ಹೊತ್ತು ಹಿಡಿಯತೈತೆ. ಏರಿ ಆ ತುದೀಗೆ ಬಿಲ್ವದ ಗಿಡ ಐತಂತೆ. ಹೋಗಿ ಪತ್ರೆ ತರ್ರಿ. ಇಬ್ರೂ ಹೋಗ್ರಿ."

ಬುಟ್ಟಿಯಲ್ಲಿ ಪತ್ರೆ ತುಂಬ ಇತ್ತು. ಹಿಂದಿನ ಸಂಜೆ ಬಿಡಿಸಿ ತುಂಬಿದವಳೇ ನಾನು. ಬಾಯಿ ತೆರೆಯಲು ಹೋದವಳು ಅತ್ತೆಯ ಮುಖ ನೋಡಿ ಸುಮ್ಮನಾದೆ. ಅವರು ಆಗಲೇ ಕಣ್ಣು ಮುಚ್ಚಿದ್ದರು.

ಏರಿಯ ಮೇಲೆ ಹೊರಟೆವು. ಎರಡು ಗಾಡಿ ಎದುರುಬದುರಾಗುವಷ್ಟು ಅಗಲದ ದಾರಿ. ನಮ್ಮವರು ಏನು ಮಾಡಿದರು ಗೊತ್ತೇ? ಛತ್ರಿ ಬಿಡಿಸಿ ಮುಂದೆ ನಡೆದರು! ಗಾಳಿಗೆ ಹೇಳುವವರ ಹಾಗೆ ಮಂಡಿಯ ಸುದ್ದಿ ಹೇಳುತ್ತಾ, ಮಳೆಗೆ ನೆನೆದ ಹತ್ತಿ ಹೇಗೆ ಕೆಡುತ್ತದೆಂದು ವಿವರಿಸುತ್ತಾ ಹೋದರು. ನನಗೆ ಸಿಟ್ಟು ನೆತ್ತಿಗೇರಿತು. ನಿಂತುಬಿಟ್ಟೆ. ಅವರು ತಮ್ಮಷ್ಟಕ್ಕೆ ಹೇಳುತ್ತಲೇ ಬಹಳ ದೂರ ಹೋಗಿ, ಹೂಂಗುಟ್ಟುವವರಿಲ್ಲದ್ದಕ್ಕೆ ತಿರುಗಿ ನೋಡಿದರು. ಗಾಬರಿಯಿಂದ ಓಡಿಬಂದರು.

"ಯಾಕ, ಮುಳ್ಳು ತಗುಲ್ತಾ?"

"ಮುಳ್ಳೂ ಇಲ್ಲ, ಏನೂ ಇಲ್ಲ. ನಿಮ್ಮ ಬೆನ್ನಿನ ಜೊತೆ ಮಾತಾಡಿ ಸಾಕಾಗೈತ್ರಿ ನನಗೆ."

ಅವರು ಅತ್ತಿತ್ತ ನೋಡಿದರು.

"ಯಾರನ್ನ ನೋಡ್ತೀರಿ? ಇಲ್ಲಿರೋದು ಕೊಕ್ಕರೆ. ಅವೇನು ನಮ್ಮ ಬೀಗರಾ?"

ಜೋರಾಗಿ ನಕ್ಕರು. ಅವರು ಹಾಗೆ ನಗುತ್ತಾರೆಂಬುದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಛತ್ರಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಪಕ್ಕಕ್ಕೆ ಬಂದರು. ಹೆಜ್ಜೆ ಹೊಂದುವುದೇ ಮೊದಮೊದಲು ಕಷ್ಟವಾಯಿತು. ವರ್ಷವಿಡೀ ಕೂಡಿಟ್ಟ ಮಾತುಗಳೆಲ್ಲ ಎಲ್ಲಿ ಹೋದವೋ! ಕೊನೆಗೆ ಅವರೇ, "ನಿನಗೆ ಈಜಾಕೆ ಬರತೈತಾ?" ಅಂದರು. ಬರುತ್ತದೆ ಅಂದೆ. "ನನಗೆ ನೀರಂದ್ರೆ ಭಯ. ಮನ್ಯಾಗೆ ಯಾರಿಗೂ ಗೊತ್ತಿಲ್ಲ," ಅಂದರು. ನಾನು ನೀರಿನ ಕಡೆಯ ಮಗ್ಗುಲಿಗೆ ಹೋಗಿ ನಡೆಯತೊಡಗಿದೆ. ಅಲ್ಲಿಂದ ಮುಂದೆ ಮಾತು ನಿಲ್ಲಲೇ ಇಲ್ಲ. ಬಿಲ್ವದ ಗಿಡ ದಾಟಿ ಹೋಗಿದ್ದೂ ಗೊತ್ತಾಗಲಿಲ್ಲ.

ವಾಪಸು ಬರುವಾಗ ಹುಣಸೆಮರ ಕಂಡಿತು. ಕೆಳಗೆ ಮನೆಮಂದಿಯೆಲ್ಲ ನಮ್ಮ ಕಡೆಗೇ ಮುಖ ಮಾಡಿ ಕೂತಿದ್ದರು. ನಮ್ಮವರ ಹೆಜ್ಜೆ ತಾನಾಗಿ ಬಿರುಸಾಯಿತು. ಇಷ್ಟೇ ನಮ್ಮ ಭಾಗ್ಯ, ಮುಗಿಯಿತು, ಅಂದುಕೊಂಡೆ. ಕರೆಯಲಿಲ್ಲ. ಕರೆದು ನಿಲ್ಲಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಸ್ವಲ್ಪ ಮುಂದೆ ಹೋದವರು ನಿಂತರು. ಕಿವಿಯೆಲ್ಲ ಕೆಂಪು. ನಾನು ಬಂದು ಸೇರುವವರೆಗೂ ನಿಂತಿದ್ದು, ಎಲ್ಲರ ಕಣ್ಣೆದುರೇ ನನ್ನ ಪಕ್ಕದಲ್ಲಿ ನಡೆದುಬಂದರು.

"ಪತ್ರೆ ಎಲ್ಲಿ?" ಮಾವನವರು ಗಂಟಲು ಸರಿಮಾಡಿಕೊಂಡು ಕೇಳಿದರು. ನಾವಿಬ್ಬರೂ ಬರಿಗೈ ನೋಡಿಕೊಂಡೆವು.

"ಪೂಜಿ ಆತು, ಬುಟ್ಟ್ಯಾಗೇ ಇದ್ವು," ಅತ್ತೆ ಅಂದರು. "ಕೂಡ್ರಿ ಇಬ್ರೂ, ಉಣ್ರಿ."

ನಾನು ಗಂಡಸರಿಗೆ ಬಡಿಸಲು ಗಂಟಿಗೆ ಕೈ ಹಾಕಿದೆ. ನಮ್ಮ ಮನೆಯಲ್ಲಿ ಹೆಂಗಸರದು ಯಾವಾಗಲೂ ಎರಡನೇ ಪಂಕ್ತಿ. ಅತ್ತೆ ನನ್ನ ಕೈ ಸರಿಸಿ, ನಮ್ಮವರ ಪಕ್ಕದಲ್ಲಿ ನನಗೊಂದು ಮುತ್ತುಗದ ಎಲೆ ಹಾಕಿದರು. ಆಮೇಲೆ ಇನ್ನೊಂದು ಎಲೆ ತೆಗೆದು ಒಂದು ಗಳಿಗೆ ಕೈಯಲ್ಲೇ ಹಿಡಿದಿದ್ದು, ಮಾವನವರ ಪಕ್ಕದಲ್ಲಿ ಹಾಸಿ ತಾವೇ ಕೂತುಬಿಟ್ಟರು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ, ಗಂಡನ ಜೊತೆ ಅವರ ಮೊದಲ ಊಟ.

ಮಾವನವರು ಎಲೆಯನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದರು. ಆಮೇಲೆ ಶೇಂಗಾ ಚಟ್ನಿಯ ಡಬ್ಬಿ ಎತ್ತಿಕೊಂಡು ಮೊದಲು ಅತ್ತೆಯ ಎಲೆಗೆ ಹಾಕಿದರು.

"ಸಾಕಾ?" ಅಂದರು.

"ಇನ್ನೊಂಚೂರು ಹಾಕ್ರಿ," ಅಂದರು ಅತ್ತೆ.