ಫಾರಂ ಅಕ್ಕನ ಸ್ವಂತ ಅರ್ಜಿ

ಬೆಳಕು ಸರಿಯಾಗಿ ಮೂಡುವ ಮೊದಲೇ ವೀಸಾ ಕಚೇರಿಯ ಗೋಡೆಗುಂಟ ಸಾಲು ನಿಂತಿದೆ. ಎಲ್ಲರೂ ಒಂದೊಂದು ಪ್ಲಾಸ್ಟಿಕ್ ಫೈಲನ್ನು ಎದೆಗವುಚಿಕೊಂಡಿದ್ದಾರೆ. ರಸ್ತೆಯ ಈಚೆ ಬದಿಯಲ್ಲಿ, ಮೆಟ್ಟಿಲ ಕೆಳಗೆ ವೀಸಾ ಅರ್ಜಿ ತುಂಬಿಕೊಡುವ ಗೂಡಿನಂಥ ಅಂಗಡಿಯ ಶಟರು ಅರ್ಧ ಮಾತ್ರ ಮೇಲೇರಿದೆ. ಪೂರ್ತಿ ಏರಿಸಿದರೆ ಜನ ಒಟ್ಟಿಗೇ ನುಗ್ಗುತ್ತಾರೆ. ಸೊಂಟ ಬಗ್ಗಿಸಿ ಒಳಗೆ ಬಂದ ಮೊದಲ ಗಿರಾಕಿಯನ್ನು ಅಲ್ಲಿ ಕೂತ ಹೆಂಗಸು ಹೆಸರೇನು ಎಂದು ಕೇಳುವುದಿಲ್ಲ, ಯಾವ ದೇಶ ಎಂದೂ ಕೇಳುವುದಿಲ್ಲ.

“ಹೋಗಿ ಬರೋಕಾ, ಹೋಗಿ ಇರೋಕಾ?”

ಗಿರಾಕಿ ಒಬ್ಬ ದರ್ಜಿ. ಫೈಲನ್ನು ಮೇಜಿನ ಮೇಲಿಟ್ಟು “ಬರೋಕೆ” ಅನ್ನುತ್ತಾನೆ. ಹೆಂಗಸು ಪೆನ್ನು ಕೆಳಗಿಟ್ಟು ಅವನ ಮುಖವನ್ನೇ ನೋಡುತ್ತಾರೆ. ಆಮೇಲೆ ನಿಜ ಹೊರಬೀಳುತ್ತದೆ.

“ಹೆಂಡ್ತಿ ಅಲ್ಲಿ ನರ್ಸು ಅಕ್ಕಾ. ಈಗ ಏಳು ತಿಂಗಳು. ಫ್ಯಾಮಿಲಿ ವೀಸಾ ಅಂದ್ರೆ ಬಹಳ ತಡ ಆಗುತ್ತೆ, ವಿಸಿಟ್ ವೀಸಾ ತಗೊಂಡು ಹೋಗಿಬಿಡು, ಅಲ್ಲಿ ಹೋದ್ಮೇಲೆ ಬದಲಾಯಿಸ್ಕೋಬಹುದು ಅಂತ ಏಜೆಂಟ್ ಹೇಳ್ದ.”

“ಬದಲಾಯಿಸ್ಕೊಳ್ಳೋಕೆ ಅದೇನು ಬಿಗಿಯಾದ ಅಂಗೀನಾ ಅಣ್ಣಾ? ನೀವು ಹೋಗೋ ದೇಶದಲ್ಲಿ ಅದು ಆಗಲ್ಲ. ನೋಡೋಕೆ ಹೋದೋರು ನೋಡಿ ಬರ್ಬೇಕು ಅಷ್ಟೇ. ಉಳ್ಕೊಂಡ್ರೆ ಆಮೇಲೆ ಫ್ಯಾಮಿಲಿ ವೀಸಾನೂ ಕೈ ಬಿಡುತ್ತೆ.”

“ಹಾಗಾದ್ರೆ ಮಗು ಹುಟ್ಟೋ ಹೊತ್ತಿಗೆ ನಾನು...”

“ಇರಲ್ಲ. ಹುಟ್ಟಿದ ಮೇಲೆ ಹೋಗ್ತೀರಿ. ಆದ್ರೆ ಹೋದ್ಮೇಲೆ ಅದರ ಜೊತೆಗೇ ಇರ್ತೀರಿ.”

ದರ್ಜಿ ಫೈಲು ಕಿತ್ತುಕೊಂಡು ಹೊರಟೇಬಿಡುತ್ತಾನೆ. ಇಂಥವರು ದಿನಕ್ಕೆ ಮೂರ್ನಾಲ್ಕು ಮಂದಿ. ಫಾರಂ ಅಕ್ಕ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನು ಕುಡಿಯದೆ ಬಿಟ್ಟ ಚಹಾದ ಲೋಟವನ್ನು ಬದಿಗೆ ಸರಿಸಿ ಮುಂದಿನವರನ್ನು ಕರೆಯುತ್ತಾರೆ.

ಹೌದು, ಬೀದಿಗೆಲ್ಲ ಅವರು ಫಾರಂ ಅಕ್ಕನೇ. ಮನೆಯಲ್ಲಿ ಇಟ್ಟ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿಲ್ಲ. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಅರ್ಜಿಗಳು ಅವರ ಕೈ ದಾಟಿ ಹೋಗುತ್ತವೆ. ಓದಲು ಹೋಗುವವರು, ದುಡಿಯಲು ಹೋಗುವವರು, ಗಂಡನ ಬಳಿಗೆ, ಮಕ್ಕಳ ಬಳಿಗೆ ಹೋಗುವವರು. ದಾರಿ ಬೇರೆ ಬೇರೆ, ವೀಸಾನೂ ಬೇರೆ ಬೇರೆ. ಬಹಳ ಜನಕ್ಕೆ ಇದೇ ತಿಳಿದಿರುವುದಿಲ್ಲ; ವೀಸಾ ಎಂದರೆ ಒಂದೇ ಬಾಗಿಲು, ಒಳಗೆ ಹೊಕ್ಕರೆ ಮುಗಿಯಿತು ಎಂದುಕೊಂಡಿರುತ್ತಾರೆ. ತಪ್ಪು ಬಾಗಿಲಲ್ಲಿ ಹೊಕ್ಕವರ ಗತಿ ಏನಾಗುತ್ತದೆಂದು ಅವರಿಗೆ ಹೇಳುವವರು ಯಾರು? ಏಜೆಂಟನಂತೂ ಹೇಳುವುದಿಲ್ಲ.

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಫಾರಂ ಅಕ್ಕನ ಗಂಡ ಬಿಳಿ ಪರದೆ ಕಟ್ಟಿಕೊಂಡು ಫೋಟೋ ತೆಗೆಯುತ್ತಾರೆ. “ನಗಬೇಡಿ, ಹಲ್ಲು ಕಾಣಬಾರದು” ಎನ್ನುವುದೇ ಅವರ ದಿನವಿಡೀ ಮಾತು. “ಹೇಳಿ ಹೇಳಿ ಅಭ್ಯಾಸ ಆಗಿ, ಈಗ ನಮ್ಮನೇಲೂ ಯಾರೂ ನಗಲ್ಲ” ಎಂದು ತಮಾಷೆ ಮಾಡುತ್ತಾರೆ. ಆದರೆ ಈ ತಿಂಗಳು ಆ ಮಾತು ತಮಾಷೆಯಾಗಿ ಉಳಿದಿಲ್ಲ.

ಫಾರಂ ಅಕ್ಕನಿಗೆ ಈ ಕೆಲಸ ಕಲಿಸಿದ್ದು ಅವರ ಅಮ್ಮನ ಬಾಳು. ಅಕ್ಕ ಇನ್ನೂ ಶಾಲೆಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಮ್ಮ ಅನ್ನದ ದಾರಿ ಹುಡುಕಿಕೊಂಡು ಹೊರದೇಶಕ್ಕೆ ಹೊರಟರು, ಅದೂ ವಿಸಿಟ್ ವೀಸಾದಲ್ಲಿ. ಅಲ್ಲಿ ಹೋದ ಮೇಲೆ ಬದಲಾಯಿಸಿಕೊಳ್ಳಬಹುದು ಎಂದು ಒಬ್ಬ ಏಜೆಂಟ್ ಅವರಿಗೂ ಹೇಳಿದ್ದ. ಅದು ಬದಲಾಗಲಿಲ್ಲ. ವೀಸಾ ಮುಗಿದ ಮೇಲೂ ಅಮ್ಮ ಅಲ್ಲೇ ಉಳಿದರು. ಹಾಸಿಗೆ ಹಿಡಿದ ಒಬ್ಬ ಮುದುಕಿಯ ಆರೈಕೆ, ಅಡುಗೆಮನೆಯ ಪಕ್ಕದ ಕಿಟಕಿಯಿಲ್ಲದ ಕೋಣೆ. ಹಿಂದಿರುಗಿದರೆ ಮತ್ತೆ ಹೋಗುವ ಹಾಗಿಲ್ಲ, ಹೋಗದಿದ್ದರೆ ಮಗಳ ಹೊಟ್ಟೆ ತುಂಬುವುದಿಲ್ಲ. ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎನ್ನುತ್ತಲೇ ಮಗಳ ಮದುವೆಯೂ ಆಗಿಹೋಯಿತು. ಮದುವೆಯನ್ನು ಅಮ್ಮ ನೋಡಿದ್ದು ಫೋನಿನಲ್ಲಿ.

“ಧಾರೆ ಹೊತ್ತಿಗೆ ನೆಟ್‌ವರ್ಕ್ ಹೋಯ್ತು” ಎಂದು ಗಿರಾಕಿಗಳಿಗೆ ಹೇಳುವಾಗ ಅಕ್ಕನ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. “ಯಾರೂ ಸುಳ್ಳು ಬರೆದು ಸಿಕ್ಕಿಹಾಕ್ಕೋಬಾರ್ದು ಅಂತ್ಲೇ ಇಲ್ಲಿ ಕೂತಿದೀನಿ. ಸುಳ್ಳು ಬರೆಸ್ಬೇಕು ಅಂದ್ರೆ ಪಕ್ಕದ ಅಂಗಡಿ ಇದೆ, ಅಲ್ಲಿ ಹೋಗಿ. ಅವ್ರು ಚೆನ್ನಾಗಿ ಬರೀತಾರೆ.”

ಈ ಸಲ ಆ ಮಾತು ಅವರ ಕೊರಳಿಗೇ ಬಂತು. ಅಮ್ಮನ ಹೃದಯದ ಕವಾಟ ಕೆಟ್ಟಿದೆ. ವಿಮಾನ ಹತ್ತುವ ಹಾಗಿಲ್ಲ ಎಂದು ಅಲ್ಲಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಅಮ್ಮನನ್ನು ನೋಡಬೇಕೆಂದರೆ ಮಗಳೇ ಹೋಗಬೇಕು. ಹೋಗಿ ಬರುವ ಮಾತೇ ಆದ್ದರಿಂದ ವಿಸಿಟ್ ವೀಸಾ ಸರಿ. ಆದರೆ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಆ ದೇಶದಲ್ಲಿ ನಿಮ್ಮ ರಕ್ತಸಂಬಂಧಿಗಳು ಇದ್ದಾರೆಯೇ, ಇದ್ದರೆ ಯಾವ ವೀಸಾದಲ್ಲಿ? ನಿಜ ಬರೆದರೆ ಇಷ್ಟು ವರ್ಷ ಅಡಗಿಕೊಂಡು ಬದುಕಿದ ಅಮ್ಮನ ವಿಳಾಸವನ್ನು ತಾನೇ ಅಧಿಕಾರಿಗಳ ಕೈಗೆ ಕೊಟ್ಟಂತೆ. ಇಲ್ಲ ಎಂದು ಬರೆದರೆ?

“ಇಲ್ಲ ಅಂತ ಹಾಕಿಬಿಡು, ಯಾರು ಹುಡುಕ್ಕೊಂಡು ಹೋಗ್ತಾರೆ?” ಎಂದರು ಗಂಡ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ಹೆಂಡತಿಯ ಸಂಕಟ ನೋಡಲಾರದೆ ಹೇಳಿದ್ದು. ಯಾರ ಅರ್ಜಿಯನ್ನಾದರೂ ಚಹಾ ಆರುವುದರೊಳಗೆ ಮುಗಿಸುವ ಫಾರಂ ಅಕ್ಕ, ತಮ್ಮ ಅರ್ಜಿಯನ್ನು ವಾರಗಟ್ಟಲೆ ಮೇಜಿನ ಖಾನೆಯಲ್ಲೇ ಇಟ್ಟುಕೊಂಡರು. ಕೊನೆಗೆ ಫೋನಿನಲ್ಲಿ ವಿಷಯ ತಿಳಿದು ಬಾಯಿ ಬಿಟ್ಟದ್ದು ಅಮ್ಮ.

“ನನ್ನ ಹೆಸರು ಬರಿ ಮಗಾ. ಅಡಗಿ ಅಡಗಿ ಸಾಕಾಗಿದೆ. ಬದುಕಿರೋ ತಾಯಿನ ಇಲ್ಲ ಅಂತ ನಿನ್ನ ಕೈಯಾರೆ ಬರೀಬೇಡ. ಹಿಡ್ಕೊಂಡು ಹೋದ್ರೆ ಹೋಗ್ಲಿ, ಒಂದ್ಸಲ ನಿನ್ನ ಮುಖ ನೋಡ್ತೀನಲ್ಲ.”

ಅಕ್ಕ ಬರೆದರು. ಹೆಸರು, ಸಂಬಂಧ, ವಿಳಾಸ, ವೀಸಾ ಮುಗಿದ ವರ್ಷ, ಎಲ್ಲವನ್ನೂ. ಆಸ್ಪತ್ರೆಯ ಕಾಗದಗಳನ್ನು ಲಗತ್ತಿಸಿದರು. ಗಂಡ ಇಲ್ಲೇ ಇರುತ್ತಾರೆ, ಅಂಗಡಿ ಇಲ್ಲೇ ಇದೆ, ತಾನು ಹಿಂದಿರುಗುವುದು ಖಂಡಿತ ಎಂದು ಬೇರೊಂದು ಹಾಳೆಯಲ್ಲಿ ವಿವರಿಸಿದರು. ಬೇರೆಯವರಿಗೆ ಎಷ್ಟೋ ಸಲ ವೀಸಾ ಗೆದ್ದುಕೊಟ್ಟಂಥ ಹಾಳೆ ಅದು.

ಇವತ್ತು ಪಾಸ್‌ಪೋರ್ಟ್ ವಾಪಸು ಕೊಡುವ ದಿನ. ಮಧ್ಯಾಹ್ನದ ಮೇಲೆ ಅಕ್ಕ ರಸ್ತೆ ದಾಟಿ, ತಾವೇ ಎಷ್ಟೋ ಜನರನ್ನು ಕಳಿಸಿದ ಕಿಟಕಿಯ ಮುಂದೆ ನಿಲ್ಲುತ್ತಾರೆ. ಮೊಹರು ಹಾಕಿದ ಲಕೋಟೆ ಕೈಗೆ ಬರುತ್ತದೆ. ಅವರು ಅದನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ. ವೀಸಾ ಸಿಕ್ಕಿದ್ದರೆ ಒಳಗೆ ಪಾಸ್‌ಪೋರ್ಟ್ ಮಾತ್ರ ಇರುತ್ತದೆ. ಸಿಗದಿದ್ದರೆ ಅದರ ಜೊತೆಗೊಂದು ಮಡಿಸಿದ ಹಾಳೆ. ಆ ಹಾಳೆಯ ಅಂಚು ಬೆರಳಿಗೆ ತಾಗಿದ್ದು ಅವರ ಮುಖದಲ್ಲೇ ಗೊತ್ತಾಗುತ್ತದೆ.

ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಲಕೋಟೆ ಹರಿಯುತ್ತಾರೆ. ಗಂಡ ಕ್ಯಾಮೆರಾ ಬಿಟ್ಟು ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಮೂರೇ ಸಾಲು: ಅರ್ಜಿದಾರರ ತಾಯಿ ಇದೇ ವೀಸಾದಲ್ಲಿ ಬಂದು ಹಿಂದಿರುಗಿಲ್ಲ; ಅರ್ಜಿದಾರರು ಹಿಂದಿರುಗುವರೆಂದು ನಂಬಲು ಕಾರಣ ಕಾಣುತ್ತಿಲ್ಲ; ತಾಯಿಯ ವಿವರವನ್ನು ಸಂಬಂಧಪಟ್ಟ ಇಲಾಖೆಗೆ ಕಳಿಸಲಾಗಿದೆ. ಮಗಳಿಗೆ ಹೋಗಲು ಆಗಲಿಲ್ಲ, ಅಮ್ಮನಿಗೆ ಇದ್ದ ಮರೆಯೂ ಹೋಯಿತು. ಇದಕ್ಕೆ ಸಮಾಧಾನ ಹೇಳುವುದಾದರೂ ಹೇಗೆ?

“ಸುಳ್ಳು ಬರೆದಿದ್ರೆ ಸಿಕ್ತಿತ್ತೇನೋ” ಎನ್ನುತ್ತಾರೆ ಗಂಡ, ನೆಲ ನೋಡುತ್ತ.

“ಸಿಕ್ತಿತ್ತು” ಎಂದು ಅಕ್ಕ ಒಪ್ಪಿಕೊಳ್ಳುತ್ತಾರೆ. “ಅಮ್ಮ ಇಲ್ಲ ಅಂತ ಬರೆದು, ಅಮ್ಮನ್ನ ನೋಡೋಕೆ ಹೋಗ್ಬೇಕಿತ್ತು.”

ಶಟರಿನ ಹೊರಗೆ ಜನ ಹಾಗೆಯೇ ಕಾಯುತ್ತಿದ್ದಾರೆ. ಯಾರೋ ಕೆಮ್ಮುತ್ತಾರೆ, ಮಗುವೊಂದು ರಚ್ಚೆ ಹಿಡಿದಿದೆ. ಅಕ್ಕ ಹಾಳೆಯನ್ನು ಮಡಿಸಿ, ಕಣ್ಣೊರೆಸಿಕೊಂಡು ಪೆನ್ನಿಗೆ ಕೈ ಚಾಚುತ್ತಾರೆ. ಅಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿಬಿಡು, ಇಲಾಖೆಯವರು ಬಂದು ಬಾಗಿಲು ತಟ್ಟುವ ಮೊದಲು ಗೊತ್ತಿರಲಿ ಎಂದು ಗಂಡ ಮೊಬೈಲ್ ಮುಂದೆ ಹಿಡಿಯುತ್ತಾರೆ. ಅಕ್ಕ ಗೋಡೆಯ ಗಡಿಯಾರ ನೋಡಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ.

“ಅಲ್ಲಿ ಇನ್ನೂ ಬೆಳಕು ಹರಿದಿಲ್ಲ ರೀ. ಇನ್ನೊಂದು ಸ್ವಲ್ಪ ಹೊತ್ತು ನೆಮ್ಮದಿಯಾಗಿ ಮಲಗಿರ್ಲಿ.”