ಹುಳದ ಪರೀಕ್ಷೆಗೆ ಬೆಂಗಳೂರಿನ ಉತ್ತರ

ನನ್ನ ಹೆಂಡತಿಯ ಹೊಟ್ಟೆಯಲ್ಲಿ ಲಾಡಿಹುಳ ಇಲ್ಲ. ನನ್ನ ಹೊಟ್ಟೆಯಲ್ಲೂ ಇಲ್ಲ, ಮಗ ಸೊಸೆಗೂ ಇಲ್ಲ. ಮೊಮ್ಮಗಳ ಮಿದುಳಿನಲ್ಲಿದ್ದ ಗಂಟೂ ಕರಗಿ ಹೋಗಿದೆ. ಈ ಸುದ್ದಿ ಸಿಕ್ಕ ದಿನ ಆಸ್ಪತ್ರೆಯಿಂದ ಚಾಮರಾಜಪುರಂ ಮನೆಯವರೆಗೂ ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡೇ ಬಂದೆ. ಹೆಂಡತಿ ನಾಚಿ ನಾಲ್ಕು ಮಾರು ಹಿಂದೆ ನಡೆಯುತ್ತಿದ್ದಳು.

ಇದೆಲ್ಲ ಶುರುವಾದಾಗ ಮೊಮ್ಮಗಳು ಮೂರನೇ ಕ್ಲಾಸು. ಸ್ಕೂಲಿನಲ್ಲಿ ಫಿಟ್ಸ್ ಬಂತೆಂದು ಸ್ಕ್ಯಾನ್ ಮಾಡಿಸಿದರೆ ಮಿದುಳಿನಲ್ಲಿ ಕಡಲೆಕಾಳಿನಷ್ಟು ಗಂಟು. ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋಗಿ, ಮರಿ ಅಲ್ಲಿ ಬಂದು ಕೂತಿದೆ ಎಂದರು ಡಾಕ್ಟರಮ್ಮ.

"ನಾವು ಲಿಂಗ ಕಟ್ಟಿದೋರು, ಮಾಂಸದಂಗಡಿ ಬೀದೀಲೂ ಓಡಾಡಲ್ಲ ಕಣಮ್ಮ," ಎಂದಳು ನನ್ನ ಹೆಂಡತಿ.

"ಹುಳ ಇರೋರ ಕೈಯಿಂದ, ತೊಳೀದೇ ಇರೋ ಸೊಪ್ಪಿಂದ ಯಾರ ಮನೆಗಾದ್ರೂ ಬರತ್ತಮ್ಮ. ಮಾಂಸ ತಿನ್ನದ ನಿಮ್ಮ ಹೊಟ್ಟೇಲಿ ಹುಳ ಇರೋದು ಅಪರೂಪ. ಆದ್ರೂ ಅಡುಗೆ ಮಾಡೋರಿಂದ ಹಿಡಿದು ಎಲ್ಲರನ್ನೂ ನೋಡ್ಲೇಬೇಕು."

ಮಗುವಿಗೆ ಔಷಧಿ ಶುರುವಾಯಿತು. ಇತ್ತ ಅಷ್ಟು ದಿನ ಅಡುಗೆ ಮಾಡುತ್ತಿದ್ದ ಹೆಂಡತಿ ಅಡುಗೆಮನೆ ಸೊಸೆಗೆ ಬಿಟ್ಟುಕೊಟ್ಟು ಹಜಾರದಲ್ಲಿ ಕೂತಳು. ಕೈತುತ್ತು ಕೇಳಿಕೊಂಡು ಬಂದ ಮೊಮ್ಮಗಳನ್ನು, "ನಿಮ್ಮಮ್ಮನ ಹತ್ರ ಹೋಗು," ಎಂದು ಕಳಿಸಿ ಗೋಡೆ ಕಡೆ ತಿರುಗುತ್ತಿದ್ದಳು.

ಪರೀಕ್ಷೆಗೆ ಮಲದ ಡಬ್ಬಿ ಕೊಡಬೇಕಿತ್ತು. ನೆಂಟರು ಬರುವ ಮುಂಚೆ ಮನೆ ಸಾರಿಸಿದ ಹಾಗೆ ಅವಳು ನಮಗೆಲ್ಲ ಹರಳೆಣ್ಣೆ ಕುಡಿಸಿ ಆಮೇಲೆ ಡಬ್ಬಿ ತುಂಬಿಸಿದಳು. ಅದನ್ನು ನೋಡಿದ ಲ್ಯಾಬಿನವರು ನಮ್ಮನ್ನು ಮತ್ತೆ ಕರೆಸಿದರು.

"ಹರಳೆಣ್ಣೆ ಕುಡಿಸ್ಬುಟ್ರಾ? ಬರೀ ಎಣ್ಣೆ ಹನಿ ಕಾಣ್ತಿದೆ," ಎಂದರು ಡಾಕ್ಟರಮ್ಮ.

"ಕೊಳಕು ಹೊಟ್ಟೇನ ನಿಮ್ಮ ಮುಂದೆ ಎಂಗೆ ಇಡೋದು?"

"ಆ ಕೊಳಕೇ ಬೇಕು ನನಗೆ."

ಕೆಲವು ದಿನ ಬಿಟ್ಟು, ಎಣ್ಣೆಯಿಲ್ಲದೆ ಕೊಟ್ಟೆವು. ಸೂಕ್ಷ್ಮದರ್ಶಕದಲ್ಲಿ ಯಾರದ್ದರಲ್ಲೂ ಮೊಟ್ಟೆ ಕಾಣಲಿಲ್ಲ. ನಾನು ಎದ್ದು ನಿಂತೆ. ಡಾಕ್ಟರಮ್ಮ ಕೂರಿಸಿದರು. ಹುಳ ದಿನವೂ ಮೊಟ್ಟೆ ಬಿಡುವುದಿಲ್ಲವಂತೆ, ಆ ಪರೀಕ್ಷೆಗೆ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದಂತೆ. ಇನ್ನೊಂದು ಪರೀಕ್ಷೆ ಇದೆಯಂತೆ. ಮೊಟ್ಟೆ ಇಲ್ಲದಿದ್ದರೂ ಹುಳ ಬಿಟ್ಟ ಅಂಶವನ್ನು ಅದು ಮಲದಲ್ಲಿ ಹಿಡಿಯುತ್ತದೆ. ಅದಕ್ಕೆ ಬೆಂಗಳೂರಿಗೆ ಕಳಿಸಬೇಕು.

ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೆ ದಿನಸಿ ಅಂಗಡಿ ಇಟ್ಟವನು. "ಒಂದು ಹಿಡಿ ಅಕ್ಕಿ ಆರಿಸಿದ್ರೆ ಹುಳ ಸಿಗದೇ ಇರಬಹುದು, ಮೂಟೆ ಬಾಯಿಗೆ ಮೂಗಿಟ್ರೆ ವಾಸನೆ ಹೇಳ್ಬುಡತ್ತೆ, ಹಂಗೇನಮ್ಮ?" ಎಂದೆ.

"ಹಂಗೇ ಯಜಮಾನ್ರೇ. ಮೂಗೂ ಒಂದೊಂದ್ಸಲ ತಪ್ಪತ್ತೆ. ಆದ್ರೆ ಎರಡೂ ಇಲ್ಲ ಅಂದ್ರೆ ನೆಮ್ಮದಿಯಾಗಿರಬಹುದು."

ಆ ಉತ್ತರ ಬರುವವರೆಗೂ ಹೆಂಡತಿ ಒಲೆ ಮುಟ್ಟಲಿಲ್ಲ. ಕೊನೆಗೆ ಮೊಮ್ಮಗಳ ಎರಡನೇ ಸ್ಕ್ಯಾನಿನ ದಿನವೇ ಬೆಂಗಳೂರಿನ ಉತ್ತರವೂ ಕೈಗೆ ಬಂತು. ಎಲ್ಲರದ್ದೂ ಇಲ್ಲ, ಇಲ್ಲ, ಇಲ್ಲ.

ಮನೆಗೆ ಬಂದವಳೇ ಸೊಸೆಯನ್ನು ಒಲೆ ಮುಂದಿನಿಂದ ಎಬ್ಬಿಸಿ, ಹಿತಕಿದ ಅವರೆಬೇಳೆ ಸಾರಿಗಿಟ್ಟಳು. ಸಂಜೆ ಎಲ್ಲರೂ ಹಜಾರದಲ್ಲಿ ಸುತ್ತ ಕೂತೆವು. ಅವಳು ಅನ್ನ ಕಲಸಿ ಮೊದಲ ತುತ್ತು ಎತ್ತಿದಳು.

"ಕೈ ತೊಳ್ದಿದ್ದೀಯೇನಜ್ಜಿ?" ಎಂದಳು ಮೊಮ್ಮಗಳು.

"ಬೆಂಗ್ಳೂರಿನೋರೇ ಪಾಸ್ ಮಾಡವ್ರೆ, ಬಾಯ್ ತೆಗಿಯೇ."

ಅವಳಾದ ಮೇಲೆ ಮಗ ಕೈ ಚಾಚಿದ, ಸೊಸೆಯೂ ಚಾಚಿದಳು. ನಾನೂ ನನ್ನ ತಟ್ಟೆ ಪಕ್ಕಕ್ಕೆ ಸರಿಸಿ ಕೈ ಚಾಚಿದೆ.